ಹನ್ನೊಂದು ಒಂದುಗಳು

ಹೊಳೆದಂಡೆಯ ಆಶ್ರಮವೊಂದರಲ್ಲಿ ನೇಮಣ್ಣನೆಂಬ ಶಿಷ್ಯ ಗುರು ವೃಷಭಯ್ಯನವರ ಬಳಿ ಗಣಿತ ಕಲಿಯುತ್ತಿದ್ದ. ಬುದ್ಧಿ ಚುರುಕು. ಸಿಟ್ಟು ಅದಕ್ಕಿಂತ ಚುರುಕು.

ಆ ಆಶ್ರಮದಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಸಂಜೆಯೂಟಕ್ಕೆ ಇಬ್ಬಿಬ್ಬರು ಜೋಡಿಯಾಗಿ ಕೂರಬೇಕು, ಜೋಡಿ ಬರುವ ತನಕ ಕಾಯಬೇಕು. ನೇಮಣ್ಣನ ಜೋಡಿ ಧರಣಪ್ಪ.

ಒಮ್ಮೆ ನೇಮಣ್ಣ ಪಾಠ ಒಪ್ಪಿಸುವಾಗ ತಪ್ಪಿದ. ಧರಣಪ್ಪ ಎಲ್ಲರೆದುರು ನಕ್ಕುಬಿಟ್ಟ. ಅಂದಿನಿಂದ ನೇಮಣ್ಣ ತನ್ನ ಪಾಲು ಎತ್ತಿಕೊಂಡು ಮರಳದಂಡೆಗೆ ಹೋಗಿ ಒಬ್ಬನೇ ಉಣ್ಣತೊಡಗಿದ.

“ಗುರುಗಳೇ, ನನಗೆ ಯಾರ ಸಹವಾಸವೂ ಬೇಡ. ನಡುಗಡ್ಡೆಯ ಗುಹೆಯಲ್ಲಿ ಒಬ್ಬನೇ ಇದ್ದುಬಿಡುತ್ತೇನೆ. ದೋಣಿ ಕೊಡಿ.”

“ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾರಿಂದಲೂ ಭಾಗವಾಗದ ಸಂಖ್ಯೆಯೊಂದನ್ನು ತಾ. ದೊಡ್ಡದೇ ಇರಲಿ. ತಂದ ದಿನ ದೋಣಿ ನಿನ್ನದು.”

ನೇಮಣ್ಣ ಮರಳಿನ ಮೇಲೆ ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದ.

೧೧೧೧೧೧೧೧೧೧೧

ಒಂದರ ಪಕ್ಕ ಒಂದು, ಎಲ್ಲವೂ ಒಂಟಿ. ಅವನಿಗೆ ಅದು ತನ್ನದೇ ಹೆಸರಿನಂತೆ ಕಂಡಿತು.

ಮೂರರಿಂದ ಭಾಗಿಸಿದ, ಎರಡು ಉಳಿಯಿತು. ಏಳರಿಂದಲೂ ಎರಡೇ. ಹನ್ನೊಂದರಿಂದ ಭಾಗಿಸಿದಾಗ ಒಂದು. ಪ್ರತಿ ಸಲ ಏನಾದರೂ ಉಳಿದಾಗ ಅವನಿಗೆ ಹಿಗ್ಗು.

ಬೇಸಿಗೆ ಹೋಯಿತು, ಹೊಳೆ ತುಂಬಿ ಮತ್ತೆ ಇಳಿಯಿತು. ನೇಮಣ್ಣ ಭಾಗಿಸುತ್ತಲೇ ಇದ್ದ. ಬರಬರುತ್ತಾ ತಾನು ಎಚ್ಚರವಾಗಿದ್ದಾನೋ ನಿದ್ದೆಯಲ್ಲಿದ್ದಾನೋ ಅವನಿಗೇ ತಿಳಿಯದಾಯಿತು. ಅಂಕಿಗಳು ಮರಳಿನಿಂದೆದ್ದು ನೀರಿಗಿಳಿದು ಮೀನುಮರಿಗಳ ಹಾಗೆ ಸುಳಿದಾಡಿ ಮತ್ತೆ ಸಾಲಿಗೆ ಬಂದು ನಿಲ್ಲುತ್ತಿದ್ದವು.

ಒಂದು ಇಳಿಹೊತ್ತಿನಲ್ಲಿ ಅವನು ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರಿಂದ ಭಾಗಿಸಿದ. ಕೊನೆಯ ಸಾಲಿನಲ್ಲಿ ಬಂದದ್ದು ಸೊನ್ನೆ.

ಮತ್ತೆ ಮಾಡಿ ನೋಡಿದ. ಮತ್ತೆ ಸೊನ್ನೆ.

ಇಷ್ಟು ದೂರ ಬಂದು ಲೆಕ್ಕ ನೋಡುವವರು ಯಾರು? ಸೊನ್ನೆಯ ಅಡಿಯನ್ನು ಚೂರು ಅಳಿಸಿದರೆ ಸಾಕು, ಅದೇ ಒಂದು. ಅವನ ಬೆರಳು ತಾನಾಗಿ ಹೋಗಿ ಅಳಿಸಿತು.

ಅಷ್ಟರಲ್ಲಿ ವೃಷಭಯ್ಯನವರು ದಂಡೆಗುಂಟ ನಡೆದು ಬಂದರು.

“ಏನಪ್ಪಾ, ಎಷ್ಟು ಉಳಿಯಿತು?”

“ಒಂದು.”

ಗುರುಗಳು ಮರಳನ್ನು ನೋಡಿದರು. “ನಿಜಕ್ಕೂ ಒಂದೇನು?”

ನೇಮಣ್ಣನಿಗೆ ತಲೆ ಎತ್ತಲಾಗಲಿಲ್ಲ.

“ಇಲ್ಲ ಗುರುಗಳೇ. ಏನೂ ಉಳಿಯಲಿಲ್ಲ. ನನ್ನ ಸಂಖ್ಯೆ ಒಡೆದುಹೋಯಿತು.” ಹೇಳುತ್ತಿದ್ದಂತೆ ಅಳು ಬಂತು.

ವೃಷಭಯ್ಯನವರು ಬಾಗಿ, ಬೆರಳಿನಿಂದ ಆ ಒಂದರ ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿದರು. ಅದು ಮತ್ತೆ ಸೊನ್ನೆಯಾಯಿತು.

“ಚಿಕ್ಕಂದಿನಲ್ಲಿ ನಿನಗೆ ಭಾಗಾಕಾರ ಹೇಗೆ ಕಲಿಸಿದೆ? ಮಾವಿನಹಣ್ಣು ಕೊಟ್ಟು ಏನು ಮಾಡು ಅಂದೆ?”

“ಹಂಚು ಅಂದಿರಿ.”

“ಒಡೆ ಅಂದೆನೇ?”

“ಇಲ್ಲ.”

“ಎಲ್ಲರಿಗೂ ಸಮನಾಗಿ ಸಿಕ್ಕಿ, ಏನೂ ಉಳಿಯದಿದ್ದರೆ ನೀನು ಚಪ್ಪಾಳೆ ತಟ್ಟುತ್ತಿದ್ದೆ.”

ನೇಮಣ್ಣ ಕಣ್ಣೊರೆಸಿಕೊಂಡ. ಮರಳಿನ ಮೇಲೆ ಹನ್ನೊಂದು ಒಂದುಗಳು ಹಾಗೇ ಇದ್ದವು. ಒಂದೂ ಮುಕ್ಕಾಗಿರಲಿಲ್ಲ. ಆಚೆ ದಡದ ಮೇಲೆ ಬಿಸಿಲು ಕೆಂಪಗಾಗುತ್ತಿತ್ತು.

ಅವನು ಹೊಳೆಯ ಕಡೆ ನೋಡಿ ಕೇಳಿದ, “ಹಾಗಾದರೆ ದೋಣಿ?”

“ಅದು ಅಲ್ಲೇ ಇರುತ್ತದೆ. ಹೊತ್ತು ಮುಳುಗುತ್ತಾ ಬಂತು ನೇಮಣ್ಣಾ, ಧರಣಪ್ಪ ಇವತ್ತೂ ಕಾಯುತ್ತಿದ್ದಾನೆ, ಇನ್ನೂ ಉಂಡಿಲ್ಲ.”