ಉಡಿಗೆ ಸುರಿದ ಕಾಳು

"ಬುದ್ಧಿ, ತಿನ್ನುವ ಪದಾರ್ಥವನ್ನು ಬೇಡವೆಂದು ತಿರುಗಿಸಿ ಕಳಿಸುವುದು ಪಾಪವಲ್ಲವೇ?" ಎಂದು ಶಿಷ್ಯ ಕೊಟ್ರಯ್ಯ ಗುರುಗಳನ್ನು ಕೇಳಿದ.

ಕೊಟ್ರಯ್ಯ ಮಠದ ಅಡುಗೆಮನೆ ನೋಡಿಕೊಳ್ಳುವವನು. ಮಠದಲ್ಲಿದ್ದು ಓದುವ ಮಕ್ಕಳಿಗೆ ಎರಡು ಹೊತ್ತು ಊಟ ಹಾಕಿಸುವುದು ಅವನ ಕೆಲಸ. ಹಿಂದಿನ ದಿನ ಪೇಟೆಗೆ ಹೋದವನು ಸಿಟ್ಟನ್ನೂ ಸಂತೋಷವನ್ನೂ ಒಟ್ಟಿಗೆ ಹೊತ್ತು ಬಂದಿದ್ದ. ತಮ್ಮ ಸೀಮೆಯಿಂದ ಹಡಗಿನಲ್ಲಿ ಹೋದ ಶೇಂಗಾವನ್ನು ಹೊರದೇಶದವರು ಬಂದರಿನಲ್ಲೇ ತಡೆದು ಹಿಂದಕ್ಕೆ ಕಳಿಸಿದ್ದರು. ಹಸಿದವರಿರುವ ನಾಡಿನ ಕಾಳನ್ನು ಹೀಗೆ ಒದೆಯಲು ಅವರಿಗೆಷ್ಟು ಕೊಬ್ಬಿರಬೇಕು ಎಂಬುದು ಅವನ ಸಿಟ್ಟು. ಹಾಗೆ ತಿರುಗಿ ಬಂದ ಮೂಟೆಗಳಲ್ಲಿ ಕೆಲವನ್ನು ಪೇಟೆಯ ವರ್ತಕನೊಬ್ಬ ಮಠದ ಮಕ್ಕಳಿಗೆಂದು ಪುಕ್ಕಟೆ ಕೊಟ್ಟಿದ್ದ. ಅದು ಸಂತೋಷ. ಮೂಟೆಗಳು ಆಗಲೇ ಉಗ್ರಾಣ ಸೇರಿದ್ದವು. ನಾಳೆಯಿಂದ ದಿನವೂ ಶೇಂಗಾ ಚಟ್ನಿ ಎಂದು ಮಕ್ಕಳಿಗೆ ಹೇಳಿಯೂ ಆಗಿತ್ತು. ಖಾಲಿಯಾದ ಚೀಲಗಳನ್ನು ತಿರುಗಿಸಿ ಕೊಡಬೇಕೋ ಎಂದು ತಾನು ಕೇಳಿದ್ದಕ್ಕೆ, ಅವೂ ನಿಮ್ಮಲ್ಲೇ ಇರಲಿ ಎಂದನಂತೆ ಆ ಪುಣ್ಯಾತ್ಮ. ಕೊಟ್ರಯ್ಯ ಇದನ್ನು ಎರಡು ಸಲ ಹೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದೇ ಮಾತಿನ ಉತ್ತರ ಬೇಡಿಕೊಂಡು ಬರುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ಉಗ್ರಾಣದ ಬೀಗದ ಕೈಯನ್ನು ತಮ್ಮ ಮುಂದಿಡಲು ಹೇಳಿದರು. ಅವನು ಇಟ್ಟ. ಪಾಪ ಯಾರದೆಂದು ಆಮೇಲೆ ನೋಡೋಣ, ಈಗ ಕುಳಿತು ಕೇಳು ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನದು ಕೆಂಪು ಮಣ್ಣಿನ ಹೊಲ. ಶೇಂಗಾ ಬಿಟ್ಟರೆ ಅದರಲ್ಲಿ ಬೇರೇನೂ ಕೈಗೆ ಹತ್ತುತ್ತಿರಲಿಲ್ಲ. ಅವನಿಗೆ ಹೆಂಡತಿಯಿದ್ದಳು, ಹಾಲುಹಲ್ಲು ಬೀಳುವ ವಯಸ್ಸಿನ ಒಬ್ಬಳು ಮಗಳಿದ್ದಳು. ಕೇಳಿದ್ದಕ್ಕೆಲ್ಲ ಇಲ್ಲವೆನ್ನಲು ಅವನಿಗೆ ಆಗದಿದ್ದದ್ದು ಆ ಮಗಳೊಬ್ಬಳ ಮುಂದೆ.

ಆ ಊರಿನ ಶೇಂಗಾವನ್ನೆಲ್ಲ ಒಬ್ಬ ವರ್ತಕ ಕೊಂಡು ಹೊರದೇಶಕ್ಕೆ ಕಳಿಸುತ್ತಿದ್ದ. ಅವನ ಅಂಗಳದಲ್ಲಿ ಊರ ಹೆಂಗಸರು ಕೂಲಿಗೆ ಕುಳಿತು ಕಾಯಿ ಸುಲಿಯುತ್ತಿದ್ದರು. ರೈತನ ಹೆಂಡತಿಯೂ ಅವರಲ್ಲಿ ಒಬ್ಬಳು. ಸುಲಿಯುವುದಕ್ಕೆ ಅಲ್ಲೊಂದು ಪದ್ಧತಿಯಿತ್ತು. ಹಿಂದಿನ ಸಂಜೆಯೇ ಕಾಯಿಯ ರಾಶಿಗೆ ನೀರು ಚಿಮುಕಿಸಿ ಒದ್ದೆ ಗೋಣಿತಟ್ಟು ಹೊದಿಸಿಡುವುದು. ಬೆಳಗಾಗುವ ಹೊತ್ತಿಗೆ ಸಿಪ್ಪೆ ಮೆತ್ತಗಾಗಿರುತ್ತದೆ. ಸುಲಿಯುವವಳ ಹೆಬ್ಬೆರಳು ಬಿರಿಯುವುದಿಲ್ಲ, ಕಾಳು ಒಡೆದು ಬೇಳೆಯಾಗುವುದಿಲ್ಲ. ಅತ್ತೆ ಸೊಸೆಗೆ ಕಲಿಸಿ, ಆ ಸೊಸೆ ಅತ್ತೆಯಾಗಿ ತನ್ನ ಸೊಸೆಗೆ ಕಲಿಸಿ ನಡೆದು ಬಂದ ಕೆಲಸ. ಇದರಲ್ಲಿ ಕೇಡಿದೆಯೆಂದು ಯಾರಿಗಾದರೂ ಹೊಳೆಯುವುದಾದರೂ ಹೇಗೆ?

ಇನ್ನೊಂದು ಪದ್ಧತಿಯೂ ಇತ್ತು. ಸಂಜೆ ಮನೆಗೆ ಹೊರಟ ಹೆಣ್ಣನ್ನು ಬರಿ ಉಡಿಯಲ್ಲಿ ಕಳಿಸಬಾರದು. ಅವಳು ಸೆರಗು ಒಡ್ಡಬೇಕು, ವರ್ತಕ ತನ್ನ ಕೈಯಾರೆ ಒಂದು ಬೊಗಸೆ ಕಾಳು ಸುರಿಯಬೇಕು. ಕೂಲಿ ಬೇರೆ, ಇದು ಬೇರೆ. ಕೂಲಿಗೆ ಜಗ್ಗಾಡುವ ವರ್ತಕ ಉಡಿಗೆ ಸುರಿಯುವಾಗ ಕೈ ಬಿಗಿ ಮಾಡುತ್ತಿರಲಿಲ್ಲ. ಸುರಿಯುತ್ತಿದ್ದದ್ದು ಕಣ್ಣೆದುರಿನ ರಾಶಿಯಿಂದಲೇ. ಹಡಗು ಹತ್ತುವ ಕಾಳೂ ಊರು ತಿನ್ನುವ ಕಾಳೂ ಆಗ ಒಂದೇ ಆಗಿದ್ದವು.

ಒಂದು ವರ್ಷ ಮೂಟೆಗಳು ಹಿಂದೆ ಬಂದವು. ದೂರದ ಬಂದರಿನವರು ಕಾಳನ್ನು ಅರೆದು ಪರೀಕ್ಷೆ ಮಾಡಿದ್ದರು. ತೇವ ತಾಗಿದ ಶೇಂಗಾಕ್ಕೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಬೂಷ್ಟು ಉದುರಿದರೂ ಅದರ ವಿಷ ಕಾಳಿನಲ್ಲಿ ಉಳಿಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ತೊಳೆದರೆ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ದಿನವೂ ತಿಂದವರ ಲಿವರನ್ನು ಅದು ಕೆಡಿಸುತ್ತದೆ. ಬಂದರಿನಲ್ಲಿದ್ದ ದಲ್ಲಾಳಿ ಇಷ್ಟನ್ನೂ ವರ್ತಕನಿಗೆ ತಿಳಿಸಿದ. ದನಗಳಿಗೂ ಹಾಕಬೇಡಿ ಎಂದಿದ್ದಾರೆ, ಮಕ್ಕಳಿಗಂತೂ ಕೂಡದು ಎಂದೂ ತಿಳಿಸಿದ.

ಬಂದರಿನವರು ತಮ್ಮ ಜನರನ್ನು ಕಾದರು. ಅದು ಅವರ ಕೆಲಸ, ಸರಿಯಾಗಿಯೇ ಮಾಡಿದರು. ಹಿಂದಕ್ಕೆ ಕಳಿಸಿದ ಕಾಳು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಅವರು ವಿಚಾರಿಸಲಿಲ್ಲ. ಅದು ಅವರ ಕೆಲಸವಲ್ಲವಂತೆ.

ವರ್ತಕ ಕೆಟ್ಟವನಲ್ಲ. ಇದನ್ನು ಸರಿಯಾಗಿ ಕೇಳಿಸಿಕೋ, ಕೊಟ್ರಯ್ಯ. ಅವನು ಕೆಟ್ಟವನಾಗಿದ್ದರೆ ನನಗೂ ಕತೆ ಹೇಳುವುದು ಸಲೀಸಾಗುತ್ತಿತ್ತು, ನಿನಗೂ ಬೈಯುವುದು ಸಲೀಸಾಗುತ್ತಿತ್ತು. ಅವನು ಹೆದರಿದ. ವಿಷ ಎಂಬ ಮಾತು ಒಮ್ಮೆ ಬಾಯಿಂದ ಬಿದ್ದರೆ ಆ ಊರಿನ ಶೇಂಗಾವನ್ನು ಯಾವ ಸಂತೆಯಲ್ಲೂ ಮೂಸಿ ನೋಡುವವರಿರುವುದಿಲ್ಲ. ತಾನು ಮುಳುಗುತ್ತೇನೆ, ಜೊತೆಗೆ ಊರೂ ಮುಳುಗುತ್ತದೆ ಎಂದುಕೊಂಡ. ಹಾಗಾಗಿ ಇನ್ನು ಏನು ಮಾಡಬೇಕೆಂದು ಊರಿಗೆ ಹೇಳಿದ. ಯಾಕೆ ಮಾಡಬೇಕೆಂದು ಹೇಳಲಿಲ್ಲ.

ಹೊರದೇಶದವರು ಹೊಸ ಕಟ್ಟಳೆ ತಂದಿದ್ದಾರೆ ಎಂದ. ಕಾಯಿಗೆ ನೀರು ಮುಟ್ಟಿಸಕೂಡದು. ಮಣ್ಣಿನ ಕಣದಲ್ಲಿ ಒಣಗಿಸಕೂಡದು, ಸಿಮೆಂಟಿನ ಕಣವೇ ಆಗಬೇಕು. ಕಲೆ ಬಿದ್ದ ಕಾಳನ್ನೂ ಮುರುಟಿದ ಕಾಳನ್ನೂ ಆರಿಸಿ ಬೇರೆ ಹಾಕಬೇಕು. ಸಿಮೆಂಟಿನ ಕಣ ಮಾಡಿಸಲಾಗದ ಸಣ್ಣ ರೈತರ ಮಾಲನ್ನು ಅವನು ಕೊಳ್ಳುವುದನ್ನೇ ಬಿಟ್ಟ. ಅವರು ಕಾಯಿಯನ್ನು ಗಾಣದವನಿಗೆ ಸಿಕ್ಕಿದಷ್ಟಕ್ಕೆ ಹಾಕಿದರು. ಕೆಲವರು ಹೊಲ ಬೀಳು ಬಿಟ್ಟು ಕಲ್ಲುಗಣಿಗೆ ಕೂಲಿ ಹೋದರು. ನಮ್ಮ ರೈತ ಮಾತ್ರ ಹಟ ಹಿಡಿದ. ಹೆಂಡತಿಯ ಕಿವಿಯ ಬೆಂಡೋಲೆ ಹೋಗಿ ಹೊಲದಲ್ಲಿ ಕಣ ಬಂತು.

ಹೆಂಡತಿ ಒಣಕಾಯಿ ಸುಲಿದಳು. ಹೆಬ್ಬೆರಳು ಬಿರಿದಾಗ ಬಟ್ಟೆ ಸುತ್ತಿಕೊಂಡು ಸುಲಿದಳು. ರಕ್ತ ತಾಗಿದ ಕಾಳನ್ನು ಅವಳೇ ಆರಿಸಿ ಬೇರೆ ಹಾಕುತ್ತಿದ್ದಳು. ಹೊರದೇಶದವರಿಗೆ ಕಲೆ ಆಗುವುದಿಲ್ಲವಲ್ಲ.

ಅಂಗಳದಲ್ಲಿ ಈಗ ಎರಡು ರಾಶಿಯಾದವು. ಹಡಗಿನ ರಾಶಿಯಿಂದ ಒಂದು ಕಾಳೂ ಕದಲುವಂತಿಲ್ಲ. ಹಿಂದೆ ಬಂದ ಮೂಟೆಗಳು ಮೂಲೆಯಲ್ಲಿ ಮಳೆಗಾಲದ ತೇವ ಹೀರಿಕೊಂಡು ಕುಳಿತಿದ್ದವು. ಆರಿಸಿ ತೆಗೆದ ಕಾಳೂ ಅವುಗಳ ಪಕ್ಕಕ್ಕೇ ಬೀಳುತ್ತಿತ್ತು. ಉಡಿ ತುಂಬುವ ಪದ್ಧತಿ ಮುರಿಯಲು ವರ್ತಕನಿಗೆ ಮನಸ್ಸು ಬರಲಿಲ್ಲ. ಅವನು ಮೂಲೆಯ ಮೂಟೆ ಬಿಚ್ಚಿದ. ಮೊದಲು ಬೊಗಸೆಯಷ್ಟು ಸುರಿಯುತ್ತಿದ್ದವನು ಈಗ ಸೆರಗು ಜಗ್ಗುವಷ್ಟು ಸುರಿದ. ಹೆಂಗಸರು ಅವನ ಕೈ ದೊಡ್ಡದೆಂದು ಹೊಗಳಿದರು. ಇಷ್ಟು ವರ್ಷ ನಾವೆಲ್ಲ ಇದನ್ನೇ ತಿಂದು ಬೆಳೆದಿಲ್ಲವೇ, ಏನಾಗಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಒಂದು ಸಲ ಹೇಳಿಕೊಂಡರೆ ಸಾಲದೆ ದಿನಾ ಹೇಳಿಕೊಂಡ. ತನ್ನ ಮನೆಯ ಅಡುಗೆಗೆ ಮಾತ್ರ ಶೇಂಗಾ ಬೇಡವೆಂದ. ಯಾಕೆಂದು ಹೆಂಡತಿ ಕೇಳಿದರೆ, ಪಿತ್ತ ಆಗುತ್ತದೆ ಎಂದ.

ರೈತನ ಮನೆಯಲ್ಲಿ ಬೆಳಿಗ್ಗೆ ರೊಟ್ಟಿಗೆ ಉಡಿಯ ಕಾಳು ಕುಟ್ಟಿದ ಶೇಂಗಾ ಹಿಂಡಿ, ಸಂಜೆ ಮಗಳಿಗೆ ಹುರಿದ ಕಾಳು. ಕಹಿ ಎಂದಳು ಮಗಳು. ತಾಯಿ ಬೆಲ್ಲ ಹೆಚ್ಚು ಕೊಟ್ಟಳು.

ಒಂದು ದಿನ ಮಗಳು ಹೊಸ ಕಣದಲ್ಲಿ ಒಣಗುತ್ತಿದ್ದ ಕಾಯಿಗೆ ಕೈ ಹಾಕಿದಳು. ಆ ವರ್ಷ ರೈತ ಬೆಳೆದದ್ದು ಅವನ ಜನ್ಮದಲ್ಲೇ ಬೆಳೆಯದಂಥ ಕಾಯಿ. ಹನಿ ನೀರು ತಾಗಿಸದೆ, ಮಣ್ಣು ಮುಟ್ಟಿಸದೆ, ಮೋಡ ಕಂಡರೆ ಓಡಿಬಂದು ಮುಚ್ಚಿ ಒಣಗಿಸಿದ್ದು. ಅದರಲ್ಲಿ ಒಂದು ಕುಂದೂ ಇರಲಿಲ್ಲ. ಅವನು ಮಗಳ ಕೈಗೆ ಹೊಡೆದ. ಹಿಂದೆ ಎಂದೂ ಹೊಡೆದವನಲ್ಲ. ಅವಳು ಅತ್ತಳು. 

"ಅವು ನಮ್ಮವಲ್ಲವ್ವಾ, ಹಡಗಿನವು. ನಮ್ಮವು ಮನ್ಯಾಗ ಅದಾವು ಬಾ" ಎಂದು ಅವಳನ್ನು ಎತ್ತಿಕೊಂಡು ಮನೆಗೆ ಹೋದ. ಮಡಕೆಯಲ್ಲಿದ್ದ ಉಡಿಯ ಕಾಳನ್ನು ಅವಳ ಎರಡೂ ಅಂಗೈ ತುಂಬ ಸುರಿದ. ಅವಳ ಅಳು ನಿಂತಿತು.

ಕೆಲವು ವಾರಗಳಲ್ಲಿ ಮಗಳ ಕಣ್ಣು ಹಳದಿಯಾದವು. ಹೊಟ್ಟೆ ಉಬ್ಬಿತು. ಕಾಮಾಲೆ ಎಂದು ಬೇರು ತೇಯ್ದು ಕುಡಿಸಿದರು. ಪೇಟೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿನವರು ಔಷಧಿ ಕೊಟ್ಟು, ಶಕ್ತಿ ಬರುವಂಥದ್ದನ್ನು ತಿನ್ನಿಸಿ ಎಂದು ಕಳಿಸಿದರು. ಆ ಊರಿನಲ್ಲಿ ಶಕ್ತಿ ಬರುವಂಥದ್ದೆಂದರೆ ಶೇಂಗಾವೇ. ತಾಯಿ ಅದನ್ನು ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಕುಡಿಸಿದಳು. ಮಗು ಬೇಡವೆಂದು ಮುಖ ತಿರುಗಿಸಿದರೆ ಮುದ್ದು ಮಾಡಿ ಕುಡಿಸಿದಳು. ಒಂದು ಬೆಳಿಗ್ಗೆ ಮಗು ಮುಖ ತಿರುಗಿಸಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

ಅದೇ ದಿನ ಬಂದರಿನಿಂದ ಸುದ್ದಿ ಬಂತು. ಊರಿನ ಕಾಳು ಪರೀಕ್ಷೆಯಲ್ಲಿ ಗೆದ್ದಿತ್ತು. ಅದರಲ್ಲೂ ಈ ರೈತನ ಕಾಳಿನಂಥದ್ದು ಇನ್ನೊಂದಿಲ್ಲ ಎಂದಿದ್ದರಂತೆ. ವರ್ತಕ ಶಾಲು ಹಾರ ಹಿಡಿದು ರೈತನ ಮನೆಗೆ ಬಂದ. ಅಂಗಳದಲ್ಲಿ ಜನ ಕುಳಿತಿದ್ದರು. ತಾಯಿ ಮಗಳಿಗೆ ಹೊಸ ಲಂಗ ಉಡಿಸಿ ಮಡಿಲಿಗೆ ಉಡಿ ತುಂಬುತ್ತಿದ್ದಳು. ಬರಿ ಉಡಿಯಲ್ಲಿ ಕಳಿಸಬಾರದಲ್ಲ. ಅವಳು ತುಂಬುತ್ತಿದ್ದದ್ದು ಅದೇ ಮಡಕೆಯ ಕಾಳು. ವರ್ತಕ ಅದನ್ನು ನೋಡಿದ. ಶಾಲನ್ನು ಕಂಕುಳಲ್ಲಿ ಮುಚ್ಚಿಕೊಂಡ.

ರೈತ ತಲೆ ಎತ್ತಿ ಕೇಳಿದ: "ಸಾವ್ಕಾರ್ರೆ, ಹೋದ ಸಲದ ಕಾಳು ಯಾಕ ತಿರುಗಿ ಬಂದಿದ್ವು?"

ಯಾಕೆ ಆಗ ಅವನಿಗೆ ಅದು ನೆನಪಾಯಿತೋ ಗೊತ್ತಿಲ್ಲ. ವರ್ತಕನ ಬಾಯಿಯವರೆಗೆ ನಿಜದ ಮಾತು ಬಂದಿತ್ತು. ಸುತ್ತ ಕುಳಿತಿದ್ದ ಹೆಂಗಸರೆಲ್ಲ ಅವನ ಕೈಯಿಂದ ಉಡಿ ತುಂಬಿಸಿಕೊಂಡವರೇ. ಅವರ ಪಕ್ಕದಲ್ಲಿ ಅವರ ಮಕ್ಕಳಿದ್ದರು.

"ಅವರ ಕಟ್ಟಳಿ ಹಂಗೈತಪ್ಪ" ಎಂದ ವರ್ತಕ.

ಮರುದಿನ ಸಂಜೆ ಹೆಂಗಸರು ಅವನ ಅಂಗಳದಲ್ಲಿ ಸೆರಗು ಒಡ್ಡಿ ನಿಂತರು. ಅವನು ಮೂಲೆಯ ಮೂಟೆಗೆ ಕೈ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯನ ಕಣ್ಣು ಒದ್ದೆಯಾಗಿತ್ತು. ಸಿಟ್ಟು ಮಾತ್ರ ಹೋಗಿರಲಿಲ್ಲ, ಒಬ್ಬರ ಮೇಲಿದ್ದದ್ದು ಇನ್ನೊಬ್ಬರ ಮೇಲೆ ಹೋಗಿ ಕುಳಿತಿತ್ತು. ಎಲ್ಲ ತಪ್ಪೂ ಆ ವರ್ತಕನದೇ, ಅವನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮಗು ಉಳಿಯುತ್ತಿತ್ತು, ಅಂಥವನಿಗೆ ಯಾವ ಶಿಕ್ಷೆಯೂ ಆಗಲಿಲ್ಲವೇ ಎಂದು ಕೇಳಿದ.

ಗುರುಗಳು ಮುಂದಿದ್ದ ಬೀಗದ ಕೈಯನ್ನು ಎತ್ತಿಕೊಂಡರು.

"ಖಾಲಿ ಚೀಲ ತಿರುಗಿಸಬೇಕೋ ಎಂದು ಕೇಳಿಕೊಂಡು ಬಂದೆಯಲ್ಲ, ಕೊಟ್ರಯ್ಯ, ತುಂಬಿದ ಚೀಲ ಯಾಕೆ ತಿರುಗಿ ಬಂತೆಂದು ಕೇಳಿದೆಯಾ?"