ಬಿರುಸಿಯ ನಕ್ಷೆ ಕಳುವಾದದ್ದು

ಮಕ್ಕಳೇ, ಕಾಡಿನ ನಡುವೆ ನೇರಳೆಹೊಂಡ ಅನ್ನುವ ಒಂದು ಹೊಂಡವಿತ್ತು. ಬೇಸಿಗೆಯಲ್ಲಿ ಅದು ಪೂರ್ತಿ ಬತ್ತಿಹೋಗುತ್ತಿತ್ತು. ಆಗ ಮರಿಗಳನ್ನೆಲ್ಲ ದೂರದ ಹೊಳೆಗೆ ಕರೆದೊಯ್ಯಲು ದಾರಿ ಬಲ್ಲವರೊಬ್ಬರು ಬೇಕಾಗುತ್ತಿತ್ತು. ಅದಕ್ಕೆಂದೇ ಕೊಕ್ಕರೆ ಮೇಷ್ಟ್ರು ಪ್ರತಿವರ್ಷ ಭೂಗೋಳದ ಲಿಖಿತ ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ಮೊದಲು ಬಂದವರೇ ಮುಂದಾಳು.

ಬಿರುಸಿ ಎಂಬ ಮುಂಗುಸಿ ಈ ಸಲ ಹಟ ಹಿಡಿದು ಓದಿದ್ದಳು. ಹೋದ ಬೇಸಿಗೆಯಲ್ಲಿ ಮುಂದಾಳು ದಾರಿ ತಪ್ಪಿ, ಅವಳ ತಮ್ಮ ಎರಡು ದಿನ ನೀರಿಲ್ಲದೆ ಬಳಲಿದ್ದ. ಹಾಗಾಗಿ ಮಳೆಗಾಲಕ್ಕೂ ಮೊದಲೇ ಗುಡ್ಡ, ಕಣಿವೆ, ಹಳ್ಳಗಳನ್ನೆಲ್ಲ ಸುತ್ತಿ, ಅಗಲವಾದ ತೇಗದ ಎಲೆಯ ಮೇಲೆ ಮುಳ್ಳಿನಿಂದ ನಕ್ಷೆ ಬರೆದಿಟ್ಟುಕೊಂಡಿದ್ದಳು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಜೋತಪ್ಪ ಬಂದ. ಕರಿಮುಖದ, ಉದ್ದ ಬಾಲದ ಮುಸುವ ಅವನು. ವರ್ಷವಿಡೀ ಅತ್ತಿಮರ ಬಿಟ್ಟು ಇಳಿದವನಲ್ಲ. ಒಂದು ಹೊತ್ತು ನೋಡಿ ಕೊಡುತ್ತೇನೆಂದು ಗೋಗರೆದು ನಕ್ಷೆ ಒಯ್ದ. ಮರುದಿನ ಕೇಳಿದರೆ, "ಯಾವ ನಕ್ಷೆ? ನೀನು ನನಗೇನೂ ಕೊಟ್ಟಿಲ್ಲವಲ್ಲ" ಅಂದುಬಿಟ್ಟ.

ಬಿರುಸಿಗೆ ಮೈಯೆಲ್ಲ ಉರಿದುಹೋಯಿತು. ಬಾಲದ ಕೂದಲು ನಿಗುರಿ ನಿಂತಿತು. ನೇರ ಮೇಷ್ಟ್ರ ಹತ್ತಿರ ಓಡಿದಳು. ಸಾಕ್ಷಿಯಿಲ್ಲದೆ ತಾನೇನೂ ಮಾಡಲಾರೆ, ಪರೀಕ್ಷೆ ಮುಂದೆ ಹಾಕುವುದೂ ಆಗದು ಎಂದರು ಅವರು. ಇದೆಂಥ ನ್ಯಾಯ? ಕಾಲು ಸವೆಸಿದವಳು ಬರಿಗೈಲಿ ನಿಲ್ಲಬೇಕು, ಸುಳ್ಳು ಹೇಳಿದವನು ಕೊಂಬೆಯ ಮೇಲೆ ಮಲಗಿ ಅವಳ ನಕ್ಷೆಯನ್ನೇ ಬಾಯಿಪಾಠ ಮಾಡಬೇಕು! ಆ ದಿನವಿಡೀ ಬಿಲಬಿಲಕ್ಕೂ ಪೊದೆಪೊದೆಗೂ ಹೋಗಿ ದೂರು ಹೇಳಿಕೊಂಡಳು. ಎಲ್ಲರೂ ಅಯ್ಯೋ ಪಾಪ ಅಂದರು, ಅಷ್ಟೆ.

ಆಮೆಜ್ಜಿ ಮಾತ್ರ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನಿನ್ನ ಸಿಟ್ಟು ಸರಿಯಾದದ್ದೇ ಮಗಳೇ. ಆದರೆ ಇನ್ನು ಎರಡೇ ದಿನ. ನಕ್ಷೆ ಹೋಯಿತು ಸರಿ, ಕಾಲು ಹೋಗಿಲ್ಲವಲ್ಲ."

ಆ ಮಾತಿಗೂ ಬಿರುಸಿಗೆ ಸಿಟ್ಟೇ ಬಂತು. ತಪ್ಪು ಮಾಡಿದವನು ಅವನು, ಮತ್ತೆ ನಡೆಯಬೇಕಾದವಳು ತಾನೋ? ಆದರೂ ಬೆಳಗಾಗುತ್ತಲೇ ಹೊರಟಳು. ಹೆಜ್ಜೆಗೊಮ್ಮೆ ಜೋತಪ್ಪನನ್ನು ಬೈಯುತ್ತ ಗುಡ್ಡ ಹತ್ತಿ ಆಚೆ ಇಳಿದವಳು ಗಕ್ಕನೆ ನಿಂತಳು. ಅಲ್ಲಿ ಹಳ್ಳವೇ ಇರಲಿಲ್ಲ! ಮಳೆಗೆ ಗುಡ್ಡದ ಮಗ್ಗುಲು ಕುಸಿದು, ದಕ್ಷಿಣಕ್ಕೆ ಹರಿಯುತ್ತಿದ್ದ ಹಳ್ಳ ಪೂರ್ವಕ್ಕೆ ತಿರುಗಿತ್ತು. ಅವಳ ನಕ್ಷೆ ತೋರಿಸುವ ದಾರಿಯಲ್ಲಿ ಈಗ ಬರೀ ಕಾದ ಕಲ್ಲು. ಬೈಗುಳ ನಿಂತುಹೋಯಿತು. ಹೊಸ ಹರಿವನ್ನೇ ಹಿಡಿದು ಹೊಳೆಯ ತನಕ ನಡೆದು ನೋಡಿ, ಎರಡನೆಯ ದಿನ ಸಂಜೆ ಮರಳಿದಳು.

ಪರೀಕ್ಷೆಯಲ್ಲಿ ಮೇಷ್ಟ್ರು ಕೇಳಿದ ದೊಡ್ಡ ಪ್ರಶ್ನೆ ಒಂದೇ: ಹೊಂಡದಿಂದ ಹೊಳೆಗೆ ನೀರು ಸಿಗುವ ದಾರಿ ಬರೆಯಿರಿ. ಬಿರುಸಿ ಕಂಡದ್ದನ್ನು ಬರೆದಳು. ಜೋತಪ್ಪ ಬಾಯಿಪಾಠ ಮಾಡಿದ್ದನ್ನು ಬರೆದ.

ಮೇಷ್ಟ್ರು ತಾವೇ ಹಾರಿಹೋಗಿ ದಾರಿ ನೋಡಿ ಬಂದರು. ಎಲ್ಲರ ಎದುರು ಜೋತಪ್ಪನ ಉತ್ತರ ಪೂರ್ತಿ ತಪ್ಪೆಂದರು.

ಜೋತಪ್ಪ ರೇಗಿ ಎದ್ದು ನಿಂತ. "ಅದು ಹೇಗೆ ತಪ್ಪಾಗುತ್ತೆ ಮೇಷ್ಟ್ರೇ? ಬಿರುಸಿಯ ನಕ್ಷೆಯಲ್ಲಿ ಹಾಗೇ ಇತ್ತು."

ಹೊಂಡದ ದಂಡೆಯಲ್ಲಿದ್ದವರೆಲ್ಲ ತಿರುಗಿ ಅವನನ್ನೇ ನೋಡಿದರು. ಬಾಯಿಂದ ಬಂದದ್ದೇನೆಂದು ತಿಳಿದಾಗ ಜೋತಪ್ಪನ ಬಾಲ ಜೋಲುಬಿತ್ತು.

ಆ ಬೇಸಿಗೆಯಲ್ಲಿ ಬಿರುಸಿಯೇ ಮುಂದಾಳಾಗಿ ಮರಿಗಳ ಸಾಲು ಹೊರಟಿತು. ಅತ್ತಿಮರವೂ ಒಣಗಿದ್ದರಿಂದ ಜೋತಪ್ಪ ಎಲ್ಲರಿಗಿಂತ ಹಿಂದೆ ತಲೆ ತಗ್ಗಿಸಿ ನಡೆದು ಬಂದ. ಬಿರುಸಿ ದಾರಿಯುದ್ದಕ್ಕೂ ಅವನೊಡನೆ ಮಾತಾಡಲಿಲ್ಲ. ಹೊಳೆ ಮುಟ್ಟಿದಾಗ ಅವನು ಹಿಂಜರಿದು ದೂರವೇ ನಿಂತ. ಅವಳು ಒಂದು ಗಳಿಗೆ ಅವನನ್ನೇ ನೋಡಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ನೀತಿ: ಅನ್ಯಾಯ ಕಂಡು ಸಿಟ್ಟಾಗುವುದು ತಪ್ಪಲ್ಲ, ಆ ಸಿಟ್ಟನ್ನು ದೂರಿನಲ್ಲಿ ಕಳೆಯದೆ ದುಡಿಮೆಗೆ ಹಚ್ಚಬೇಕು.