ದೀಪ ಬಿಟ್ಟು ಏಳದ ಪತ್ರ

ಅಮೆರಿಕದ ಒಂದು ಪತ್ರಾಗಾರದಲ್ಲಿ ಜನರಲ್ ಪ್ರೂಡನ್ ಸಾಹೇಬರು ಯುದ್ಧಭೂಮಿಯಿಂದ ಬರೆದ ಪತ್ರವೂ ಅವರ ಅಡುಗೆಯವಳು ತನ್ನ ತಂಗಿಗೆ ಬರೆದ ಪತ್ರವೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗಿದ್ದವು. ಬೆಳಕಿಗೆ ಶಾಯಿ ಮಾಸುತ್ತದೆಂದು ಮೂರು ತಿಂಗಳಿಗೊಮ್ಮೆ ಪತ್ರಗಳನ್ನು ಕತ್ತಲ ಕೋಣೆಯಲ್ಲಿ ವಿಶ್ರಾಂತಿಗೆ ಇಡುವುದು ಅಲ್ಲಿನ ಪದ್ಧತಿ.

"ನಡೆಯಿರಿ ಸ್ವಾಮಿ, ಸರದಿ ಬಂತು," ಎಂದಿತು ಅಡುಗೆಯವಳ ಪತ್ರ.

"ವಿಶ್ರಾಂತಿ ನಿನ್ನಂಥವರಿಗೆ. ನಾನು ಒಳಗೆ ಹೋದರೆ ಇಲ್ಲಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ," ಎಂದಿತು ಸಾಹೇಬರ ಪತ್ರ.

ಪತ್ರಾಗಾರದ ಮೇಲಧಿಕಾರಿಗೂ ಹಾಗೆಯೇ ಅನ್ನಿಸಿತು. ನಿಯಮ ಬರೆದವನು ಅವನೇ ಆದ್ದರಿಂದ ಮುರಿಯುವುದೂ ಸುಲಭವಾಯಿತು.

ಅಡುಗೆಯವಳ ಪತ್ರ ಹೋಗುತ್ತ ಬರುತ್ತ ಇಪ್ಪತ್ತು ವರ್ಷ ಕಳೆಯಿತು. ಒಮ್ಮೆ ಅದು ಮರಳಿದಾಗ ಪಕ್ಕದಲ್ಲಿ ಬರೀ ಖಾಲಿ ಹಾಳೆ ಇತ್ತು.

"ಒಂದಕ್ಷರವೂ ಉಳಿದಿಲ್ಲ! ಜನ ಕಂಡರೆ ನನ್ನ ಮಾನ ಹೋಗುತ್ತದೆ," ಎಂದು ಹಾಳೆ ನಡುಗಿತು.

ಅಷ್ಟರಲ್ಲಿ ಜನ ಬಂದೇಬಿಟ್ಟರು. ಹಾಳೆಯ ಕೆಳಗಿದ್ದ, ಸಾಹೇಬರ ಹೆಸರು ಕೆತ್ತಿದ ಹಿತ್ತಾಳೆ ಫಲಕ ಓದಿದರು, "ಆಹಾ, ಮುತ್ತಿನಂಥ ಅಕ್ಷರ!" ಎಂದರು, ಫೋಟೊ ತೆಗೆದುಕೊಂಡು ಹೊರಟುಹೋದರು.

"ಹೆದರಬೇಡಿ ಸ್ವಾಮಿ," ಎಂದಿತು ಅಡುಗೆಯವಳ ಪತ್ರ. "ಶಾಯಿ ಇದ್ದಾಗಲೂ ಅವರು ಓದುತ್ತಿದ್ದದ್ದು ಆ ಫಲಕವನ್ನೇ."